ಪಂಪಿಗೆ ಸ್ಪ್ಯಾನರ್ ಹಾಕುವ ಮೊದಲು

ಹಳೆ ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿ 'ಎಳೀತಿಲ್ಲ' ಅಂದ ಕೂಡಲೇ ಬಾನೆಟ್ ಎತ್ತಿದವರ ಕಣ್ಣು ನೆಟ್ಟಗೆ ಹೋಗಿ ನಿಲ್ಲುವುದು ಫ್ಯೂಯಲ್ ಪಂಪಿನ ಮೇಲೆ. ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕಳಿಸುತ್ತಾರೆ, ಹೇಗೂ ಬಿಚ್ಚಿದ್ದೇವಲ್ಲ ಅಂತ ಡೀಸೆಲ್ ಸಿಂಪಡಿಸುವ ನಾಝಲ್‌ಗಳೂ ಜೊತೆಗೆ ಹೋಗುತ್ತವೆ. ಎಲ್ಲ ವಾಪಸ್ ಬಂದು ಕೂತ ಮೇಲೂ ಗಾಡಿ ಅದೇ ಏರಿನಲ್ಲಿ ಅದೇ ಎರಡನೇ ಗೇರಿಗೆ ಇಳಿಯುತ್ತದೆ. ಇದು ಮತ್ತೆ ಮತ್ತೆ ಯಾಕೆ ಹೀಗೇ ಆಗುತ್ತದೆ ಎಂದು ಯೋಚಿಸಿದರೆ ಉತ್ತರ ಸರಳ: ಇಡೀ ಇಂಜಿನ್ನಿನಲ್ಲಿ ಅತಿ ದುಬಾರಿ, ಒಳಗೇನಿದೆ ಎಂದು ಅತಿ ಕಡಿಮೆ ಜನಕ್ಕೆ ಗೊತ್ತಿರುವ ಭಾಗ ಅದು. ಹಾಗಾಗಿ ಅನುಮಾನವೆಲ್ಲ ಅದರ ತಲೆಗೇ ಕಟ್ಟುವುದು ಸುಲಭ. ಆದರೆ ಶುದ್ಧ ಡೀಸೆಲ್ ಸಿಕ್ಕುವವರೆಗೆ ಪಂಪ್ ಗಟ್ಟಿ ಜೀವ. ಅದರ ಸುತ್ತ ಇರುವ ರಬ್ಬರ್ ಹೋಸ್, ತಾಮ್ರದ ವಾಷರ್, ಆಕ್ಸಲರೇಟರ್ ಕೇಬಲ್, ಟ್ಯಾಂಕಿನೊಳಗಿನ ಪೈಪ್ ಇವಕ್ಕೂ ಗಾಡಿಯಷ್ಟೇ ವಯಸ್ಸಾಗಿರುತ್ತದೆ ಎಂಬುದನ್ನು ಮರೆಯುತ್ತೇವೆ.

ಇಲ್ಲಿ ಹೇಳುತ್ತಿರುವುದು ಕಂಪ್ಯೂಟರ್ ಇಲ್ಲದ, ಮೆಕ್ಯಾನಿಕಲ್ ಪಂಪಿನ ಇಂಜಿನ್‌ಗಳ ಬಗ್ಗೆ. ಲ್ಯಾಂಡ್ ರೋವರ್ 300 ಟಿಡಿಐ, ಮಿತ್ಸುಬಿಷಿ 4ಡಿ56ರ ಹಳೆಯ ಅವತಾರ, ಟೊಯೋಟಾ 1ಎಚ್‌ಝಡ್ ಈ ಜಾತಿಯವು. ಇವುಗಳಲ್ಲಿರುವುದು ವಿಇ ಮಾದರಿಯ ರೋಟರಿ ಪಂಪ್, ಅಂದರೆ ಡೀಸೆಲ್ ಒತ್ತುವ ಒಂದೇ ಸರಳು (ಪ್ಲಂಜರ್) ಎಲ್ಲ ಸಿಲಿಂಡರಿಗೂ ಹಂಚುವ ಬಗೆ. ಸ್ಕ್ಯಾನರ್ ಚುಚ್ಚಿ ಕೋಡ್ ಓದುವ ಸೌಲಭ್ಯ ಇವಕ್ಕಿಲ್ಲ. ಓದಲಿಕ್ಕೆ ಬೇರೆಯದೇ ಇದೆ.

ಸೈಲೆನ್ಸರ್ ಬಾಯಲ್ಲಿ ಇರುವ ಉತ್ತರ

ಇಂಥ ಡೀಸೆಲ್ ಇಂಜಿನ್ನಿನಲ್ಲಿ ಗಾಳಿಗೆ ತಡೆಬಾಗಿಲಿಲ್ಲ. ಎಷ್ಟು ಬೇಕಾದರೂ ಒಳಗೆ ಬರಲಿ. ಶಕ್ತಿ ನಿರ್ಧಾರವಾಗುವುದು ಎಷ್ಟು ಡೀಸೆಲ್ ಸಿಂಪಡಿಸಿದೆವು ಎಂಬುದರ ಮೇಲೆ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅರ್ಧ ಹುಡುಕಾಟ ಮುಗಿದ ಹಾಗೆ. ಏರಿನಲ್ಲಿ ಪೂರ್ತಿ ಆಕ್ಸಲರೇಟರ್ ಒತ್ತಿದಾಗ ಗಾಡಿ ಸುಸ್ತಾಗಿ, ಹಿಂದೆ ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಿಲ್ಲ ಎಂದರ್ಥ. ಸುಸ್ತಿನ ಜೊತೆಗೆ ಕಪ್ಪು ಹೊಗೆ ದಟ್ಟವಾಗಿ ಬಂದರೆ ಡೀಸೆಲ್ ಬರುತ್ತಿದೆ, ಅದನ್ನು ಸುಡುವಷ್ಟು ಗಾಳಿ ಇಲ್ಲ. ಬಿಸಿಯಾದ ಮೇಲೂ ಕಣ್ಣುರಿಸುವ ಬಿಳಿ ಹೊಗೆ ಇದ್ದರೆ ಡೀಸೆಲ್ ಸುಡದೆ ಹೊರಬರುತ್ತಿದೆ: ಟೈಮಿಂಗ್ (ಡೀಸೆಲ್ ಸಿಂಪಡಿಸುವ ಗಳಿಗೆ) ತಡವಾಗಿದೆ, ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯನ್ನು ಅದುಮುವ ಒತ್ತಡ) ಕಡಿಮೆಯಾಗಿದೆ, ಇಲ್ಲವೇ ನಾಝಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿದೆ. ನೀಲಿ ಹೊಗೆ ಆಯಿಲ್ ಸುಡುವುದರ ಗುರುತು. ಅದು ಬೇರೆ ತಲೆನೋವು, ಪಿಕಪ್ ಹೋದದ್ದಕ್ಕೆ ಅದೊಂದೇ ಕಾರಣವಾಗುವುದು ಅಪರೂಪ.

ಹೊಗೆ ನೋಡಬೇಕಾದದ್ದು ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟಲ್ಲ. ಲೋಡ್ ಇಲ್ಲದೆ ಪಂಪ್ ಪೂರ್ತಿ ಡೀಸೆಲ್ ಕೊಡುವುದು ಕ್ಷಣಮಾತ್ರ, ಇಂಜಿನ್ ವೇಗವನ್ನು ಮಿತಿಯಲ್ಲಿಡುವ ಗವರ್ನರ್ ತಕ್ಷಣ ಹಿಂದಕ್ಕೆಳೆಯುತ್ತದೆ. ಏರಿನಲ್ಲಿ, ಮೂರನೇ ಗೇರಿನಲ್ಲಿ, ಪೆಡಲ್ ನೆಲಕ್ಕೆ ಒತ್ತಿ, ಹಿಂದೆ ಇನ್ನೊಂದು ಗಾಡಿಯಲ್ಲಿ ಕೂತವರು ನೋಡಿ ಹೇಳಬೇಕು. ಒಂಟಿಯಾಗಿದ್ದರೆ ಕನ್ನಡಿಯೇ ಗತಿ.

ಇಂಜಿನ್ ಚೆನ್ನಾಗಿಯೇ ಇರಬಹುದು

ಸ್ಪ್ಯಾನರ್ ಹಿಡಿಯುವ ಮೊದಲು ಬರಿಗೈಯಲ್ಲಿ ನೋಡಬಹುದಾದ ಕೆಲವಿವೆ. ಇಂಜಿನ್ ಬಂದ್ ಮಾಡಿ, ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಪೂರ್ತಿ ತುಳಿಯಲಿ, ಇನ್ನೊಬ್ಬರು ಪಂಪಿನ ಮೇಲಿನ ಲಿವರ್ ನೋಡಲಿ. ಲಿವರ್ ಹೋಗಿ ಕೊನೆಯ ಸ್ಟಾಪ್ ಸ್ಕ್ರೂಗೆ ತಾಗಬೇಕು. ಕೈಯಲ್ಲಿ ತಳ್ಳಿದರೆ ಇನ್ನೂ ನಾಲ್ಕೈದು ಮಿಲಿಮೀಟರ್ ಮುಂದೆ ಹೋಗುತ್ತದೆ ಎಂದಾದರೆ ಇಷ್ಟು ದಿನ ಪೂರ್ತಿ ಆಕ್ಸಲರೇಟರ್ ಸಿಕ್ಕೇ ಇಲ್ಲ. ಕೇಬಲ್ ಎಳೆದುಕೊಂಡಿರುತ್ತದೆ, ಪೆಡಲಿನ ಬುಷ್ ಸವೆದಿರುತ್ತದೆ, ಅಥವಾ ಹೊಸದಾಗಿ ಹಾಕಿಸಿದ ದಪ್ಪ ಮ್ಯಾಟ್ ಪೆಡಲಿನ ಅಡಿ ಸಿಕ್ಕಿಕೊಂಡಿರುತ್ತದೆ. ಎರಡು ನಿಮಿಷದ ಈ ಪರೀಕ್ಷೆಯನ್ನು ಬಿಟ್ಟು ಪಂಪ್ ಬಿಚ್ಚುವವರಿಗೆ ಏನು ಹೇಳುವುದು!

ಕ್ಲಚ್ ಜಾರುತ್ತಿದ್ದರೆ ಇಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಇಂಜಿನ್ ಬಿಸಿಯಿದ್ದಾಗ ಸಮತಟ್ಟು ನೆಲದಲ್ಲಿ ಹ್ಯಾಂಡ್ ಬ್ರೇಕ್ ಬಿಗಿದು, ಮುಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಾಲ್ಕನೇ ಗೇರಿಗೆ ಹಾಕಿ ಸುಮಾರು 1500 ಆರ್‌ಪಿಎಂನಲ್ಲಿ ಕ್ಲಚ್ ಬಿಡಿ. ಇಂಜಿನ್ ತಕ್ಷಣ ನಿಲ್ಲಬೇಕು. ನಿಲ್ಲಲು ಸತಾಯಿಸಿದರೆ ಕ್ಲಚ್ ಪ್ಲೇಟ್ ಮುಗಿದಿದೆ. ಬ್ರೇಕ್ ಹಿಡಿದುಕೊಂಡಿದೆಯೇ ಎಂದು ತಿಳಿಯಲು ಹತ್ತು ಕಿಲೋಮೀಟರ್ ಆದಷ್ಟು ಬ್ರೇಕ್ ಬಳಸದೆ ಓಡಿಸಿ, ನಾಲ್ಕೂ ಚಕ್ರದ ಹಬ್ ಬಿಸಿಯನ್ನು ಹೋಲಿಸಿ. ಒಂದು ಚಕ್ರ ಅದರ ಜೋಡಿಗಿಂತ ಎದ್ದು ಕಾಣುವಷ್ಟು ಬಿಸಿಯಿದ್ದರೆ ಕ್ಯಾಲಿಪರ್ ಅಥವಾ ವೀಲ್ ಸಿಲಿಂಡರ್ ಜಾಮ್ ಆಗಿದೆ. ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಎರಡೂ ಆಕ್ಸಲ್‌ಗೆ ಹಂಚುವ ಗೇರ್ ಪೆಟ್ಟಿಗೆ) ಪೂರ್ತಿ ಟೂ ವೀಲ್‌ಗೆ ಬಂದಿದೆಯೇ ಎಂದೂ, ಟೂ ವೀಲ್ ಆಯ್ಕೆ ಇರುವ ಗಾಡಿಯಾದರೆ, ನೋಡಿ. ಅರ್ಧ ಸಿಕ್ಕಿಕೊಂಡು ಗಟ್ಟಿ ರಸ್ತೆಯಲ್ಲಿ ಓಡಿದರೆ ಮುಂದಿನ ಹಿಂದಿನ ಆಕ್ಸಲ್ ಪರಸ್ಪರ ಎಳೆದಾಡುತ್ತವೆ.

ಟೈರಿನ ವಿಷಯ ಬೇರೆಯೇ. 29 ಇಂಚಿನ ಟೈರಿನ ಜಾಗದಲ್ಲಿ 33 ಇಂಚು ಹಾಕಿದರೆ ಗೇರಿಂಗ್ ಸುಮಾರು ಶೇ. 14ರಷ್ಟು ಎತ್ತರವಾಗುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ 68. ಅಂದರೆ ಗಾಡಿ ನಿಧಾನವಾಯಿತು ಎಂಬ ದೂರಿನಲ್ಲಿ ಒಂದು ಪಾಲು ಮುಳ್ಳಿನ ಸುಳ್ಳು, ಇನ್ನೊಂದು ಪಾಲು ನಿಜವಾದ ಭಾರ. ಡಿಫರೆನ್ಷಿಯಲ್ ಗೇರ್ ಬದಲಿಸದೆ ದೊಡ್ಡ ಟೈರ್ ಹಾಕಿ ಇಂಜಿನ್ನಿಗೆ ಬೈಯುವುದು ನ್ಯಾಯವಲ್ಲ. ಹಾಗೆಯೇ ಟರ್ಬೋ ಇಲ್ಲದ ಇಂಜಿನ್ ಪ್ರತಿ 1000 ಮೀಟರ್ ಎತ್ತರಕ್ಕೆ ಹತ್ತಿರ ಹತ್ತಿರ ಶೇ. 10 ಶಕ್ತಿ ಕಳೆದುಕೊಳ್ಳುತ್ತದೆ. ಬೆಟ್ಟದ ಮೇಲೆ 1ಎಚ್‌ಝಡ್ ಏದುಸಿರು ಬಿಟ್ಟರೆ ಅದು ರೋಗವಲ್ಲ.

ಟ್ಯಾಂಕಿನಿಂದ ಪಂಪಿನವರೆಗಿನ ದಾರಿ

ಹೊಗೆಯಿಲ್ಲದ ಸುಸ್ತಿಗೆ ಹೆಚ್ಚಿನ ಸಲ ಕಾರಣ ಸಿಗುವುದು ಈ ಎರಡು ಮೂರು ಮೀಟರ್ ದಾರಿಯಲ್ಲೇ. ಇಲ್ಲಿ ಎರಡು ಬಗೆಯ ತೊಂದರೆಗಳಿವೆ: ದಾರಿ ಕಟ್ಟಿಕೊಂಡಿರುವುದು, ದಾರಿಯಲ್ಲಿ ಗಾಳಿ ಸೇರುವುದು. ಎರಡರ ಲಕ್ಷಣವೂ ಮೇಲ್ನೋಟಕ್ಕೆ ಒಂದೇ ಥರ ಇರುವುದರಿಂದ ಜನ ಫಿಲ್ಟರ್ ಬದಲಿಸಿ, ಏರ್ ತೆಗೆದು, ಒಂದು ವಾರ ಸರಿಹೋದಂತೆ ಕಂಡು, ಮತ್ತೆ ಮೊದಲಿನ ಜಾಗಕ್ಕೇ ಬರುತ್ತಾರೆ.

ಲಿಫ್ಟ್ ಪಂಪ್ (ಟ್ಯಾಂಕಿನಿಂದ ಡೀಸೆಲ್ ಎತ್ತಿಕೊಡುವ ಸಣ್ಣ ಪಂಪ್) ಇಲ್ಲದ ಇಂಜಿನ್‌ಗಳಲ್ಲಿ ಫ್ಯೂಯಲ್ ಪಂಪಿನೊಳಗಿನ ವೇನ್ ಪಂಪೇ ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳಬೇಕು. ಅಂದರೆ ಟ್ಯಾಂಕಿನಿಂದ ಪಂಪಿನವರೆಗೆ ಪೂರ್ತಿ ಸಕ್ಷನ್ (ಹೀರುವ ಎಳೆತ). ಸಕ್ಷನ್ ಲೈನಿನಲ್ಲಿ ತೂತಿದ್ದರೆ, ಇಂಜಿನ್ ಓಡುವಾಗ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ 'ಎಲ್ಲೂ ಲೀಕ್ ಇಲ್ಲ, ಒಣಗಿಯೇ ಇದೆ' ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. 300 ಟಿಡಿಐಯಂತೆ ಮೆಕ್ಯಾನಿಕಲ್ ಲಿಫ್ಟ್ ಪಂಪ್ ಇದ್ದರೆ ಟ್ಯಾಂಕಿನಿಂದ ಲಿಫ್ಟ್ ಪಂಪಿನವರೆಗೆ ಮಾತ್ರ ಸಕ್ಷನ್, ಅಲ್ಲಿಂದ ಮುಂದೆ ಒತ್ತಡ. ಮುಂದಿನ ಭಾಗದ ಲೀಕ್ ಒದ್ದೆಯಾಗಿ ಕಾಣುತ್ತದೆ. ಆ ಲಿಫ್ಟ್ ಪಂಪಿನ ಡಯಾಫ್ರಮ್ ಹರಿದರೆ ಡೀಸೆಲ್ ಇಂಜಿನ್ ಆಯಿಲಿಗೆ ಸೇರಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದು ಡೀಸೆಲ್ ವಾಸನೆ ಬಂದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ.

ಗಾಳಿ ಸೇರುತ್ತಿದೆಯೇ ಎಂದು ಕಣ್ಣಾರೆ ನೋಡಲು ಒಂದಡಿ ಪಾರದರ್ಶಕ ಡೀಸೆಲ್ ಹೋಸ್ ಸಾಕು. ಅದನ್ನು ಫಿಲ್ಟರ್ ಮತ್ತು ಪಂಪಿನ ನಡುವೆ ಹಾಕಿ, ಎರಡೂ ತುದಿಗೆ ಸ್ಕ್ರೂ ಕ್ಲಿಪ್ ಬಿಗಿದು, ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಒತ್ತಿ ಡೀಸೆಲ್ ತುಂಬುವ ಗುಂಡಿ) ಒತ್ತಿ ಏರ್ ತೆಗೆಯಿರಿ. ಹೋಸಿನ ಹಿಂದೆ ಬಿಳಿ ಕಾಗದ ಹಿಡಿದರೆ ಗುಳ್ಳೆಗಳು ಸ್ಪಷ್ಟ. ಸ್ಟಾರ್ಟ್ ಮಾಡಿದಾಗ ನಾಲ್ಕೈದು ದಪ್ಪ ಗುಳ್ಳೆ ಉರುಳಿ ಹೋಗುತ್ತವೆ, ಆಮೇಲೆ ಡೀಸೆಲ್ ತಿಳಿ ಚಹಾದಂತೆ ನಿಶ್ಚಲವಾಗಿ ಕಾಣುತ್ತದೆ; ಹರಿಯುತ್ತಿದೆ ಎಂದೇ ಗೊತ್ತಾಗುವುದಿಲ್ಲ. ಇದು ಆರೋಗ್ಯ. ಐಡಲ್‌ನಲ್ಲೇ ಸಣ್ಣ ಗುಳ್ಳೆಗಳ ಸರ ಬಿಡದೆ ಬರುತ್ತಿದ್ದು, ರೇಸ್ ಕೊಟ್ಟಾಗ ಅದೇ ಸರ ಬಿಳಿ ನೊರೆಯಾದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು ಇದರ ಜೊತೆಗಾರ ಲಕ್ಷಣ, ಏಕೆಂದರೆ ಲೈನಿನ ಡೀಸೆಲ್ ರಾತ್ರಿಯೆಲ್ಲ ಟ್ಯಾಂಕಿಗೆ ಇಳಿದಿರುತ್ತದೆ.

ಒಂದು ಎಚ್ಚರಿಕೆ. ಗುಳ್ಳೆ ಕಂಡಾಕ್ಷಣ ಲೀಕ್ ಎಂದು ತೀರ್ಮಾನಿಸಬೇಡಿ. ಲೈನ್ ಕಟ್ಟಿಕೊಂಡು ಸಕ್ಷನ್ ವಿಪರೀತವಾದಾಗ ಡೀಸೆಲ್‌ನಲ್ಲಿ ಕರಗಿರುವ ಗಾಳಿಯೇ ಹೊರಬಂದು ಸಣ್ಣ ಗುಳ್ಳೆಗಳಾಗುತ್ತದೆ. ಅದೇ ಜಾಗದಲ್ಲಿ ಟಿ ಆಕಾರದ ಜೋಡಣೆ ಹಾಕಿ ವ್ಯಾಕ್ಯೂಮ್ ಗೇಜ್ ಜೋಡಿಸಿದರೆ ಜಗಳ ಬಗೆಹರಿಯುತ್ತದೆ: ಗುಳ್ಳೆ ಇದ್ದು ವ್ಯಾಕ್ಯೂಮ್ ಕಡಿಮೆಯಿದ್ದರೆ ಲೀಕ್, ಲೋಡ್‌ನಲ್ಲಿ ಮುಳ್ಳು ಏರುತ್ತಲೇ ಹೋದರೆ ಕಟ್ಟಿಕೊಂಡಿದೆ. ಹೊಸ ಫಿಲ್ಟರ್ ಹಾಕಿದ ದಿನವೇ ಒಮ್ಮೆ ಗೇಜ್ ಓದಿ ಬರೆದಿಟ್ಟುಕೊಂಡರೆ ಮುಂದೆ ಹೋಲಿಸಲು ನಿಮ್ಮದೇ ಅಂಕಿ ಸಿಗುತ್ತದೆ.

ಲೀಕ್ ಹುಡುಕುವಾಗ ಫಿಲ್ಟರ್ ತಲೆಯ ಮೇಲಿನ ಹ್ಯಾಂಡ್ ಪ್ರೈಮರಿನ ಸೀಲ್, ಫಿಲ್ಟರಿನ ಕೆಳಗಿನ ನೀರು ತೆಗೆಯುವ ಪ್ಲಗ್‌ನ ಓರಿಂಗ್, ಎರಡನೇ ಸಲ ಬಳಸಿದ ತಾಮ್ರದ ವಾಷರ್, ಕ್ಲಿಪ್ ಅಡಿಯಲ್ಲಿ ಗಟ್ಟಿಯಾಗಿ ಬಿರಿದ ಹೋಸ್ ತುದಿ, ಈ ಕ್ರಮದಲ್ಲಿ ನೋಡುವುದು ಒಳ್ಳೆಯದು. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದಾಗ ಮಾತ್ರ ಗಾಳಿ ಸೇರುತ್ತಿದ್ದರೆ ಟ್ಯಾಂಕಿನೊಳಗಿನ, ಡೀಸೆಲ್ ಹೀರುವ ಪಿಕಪ್ ಪೈಪ್ ಆ ಎತ್ತರದಲ್ಲಿ ತುಕ್ಕು ಹಿಡಿದು ತೂತಾಗಿದೆ. ಇದನ್ನು ಹೊರಗಿನಿಂದ ಎಷ್ಟು ಹುಡುಕಿದರೂ ಸಿಗದು.

ಕಟ್ಟಿಕೊಳ್ಳುವ ರೋಗಕ್ಕೆ ಅದರದೇ ಒಂದು ಲಯವಿದೆ. ಗಾಡಿ ಬೆಳಗ್ಗೆ ಚೆನ್ನಾಗಿ ಹೊರಡುತ್ತದೆ. ಕಾಲು ಗಂಟೆ ಏರು ಎಳೆದ ಮೇಲೆ ನಿಧಾನಕ್ಕೆ ಸುಸ್ತು, ಪೆಡಲ್ ಒತ್ತಿದಷ್ಟೂ ಇನ್ನೂ ಸುಸ್ತು. ಪಕ್ಕಕ್ಕೆ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಹೊರಟರೆ ಏನೂ ಆಗಿಲ್ಲವೆಂಬಂತೆ ಎಳೆಯುತ್ತದೆ, ಇನ್ನು ಕಾಲು ಗಂಟೆ. ಟ್ಯಾಂಕಿನಲ್ಲಿರುವ ತುಕ್ಕಿನ ಹಕ್ಕಳೆ, ಎಲೆ, ಡೀಸೆಲ್‌ನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಕಪ್ಪು ಲೋಳೆ, ಯಾವುದೋ ಕಾಲದಲ್ಲಿ ಒಳಗೆ ಬಿದ್ದ ಪ್ಲಾಸ್ಟಿಕ್ ಚೂರು, ಇವುಗಳಲ್ಲಿ ಯಾವುದೋ ಒಂದು ಸಕ್ಷನ್ನಿನ ಎಳೆತಕ್ಕೆ ಪಿಕಪ್ ಜಾಲರಿಗೆ ಅಂಟಿಕೊಳ್ಳುತ್ತದೆ. ಇಂಜಿನ್ ನಿಂತಾಗ ಕಳಚಿ ಬೀಳುತ್ತದೆ. ಇದೇ ಲಯ ಟ್ಯಾಂಕಿನ ಉಸಿರುಗೊಳವೆ ಮುಚ್ಚಿದಾಗಲೂ ಬರುತ್ತದೆ. ಸುಸ್ತಾದ ಕ್ಷಣದಲ್ಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಬುಸ್ಸೆಂದು ಗಾಳಿ ಒಳಗೆ ಎಳೆದುಕೊಂಡು ಗಾಡಿ ಸರಿಹೋದರೆ ಕೆಸರು ತುಂಬಿದ ಬ್ರೀದರ್ ಪೈಪ್ ಹುಡುಕಿ. ಹ್ಯಾಂಡ್ ಪ್ರೈಮರ್ ಕೂಡ ಸುಳಿವು ಕೊಡುತ್ತದೆ: ಒತ್ತಿ ಬಿಟ್ಟಾಗ ಮೇಲೇಳಲು ತಿಣುಕಿದರೆ ಫಿಲ್ಟರಿಗಿಂತ ಹಿಂದೆ ತಡೆಯಿದೆ.

ಎಲ್ಲಕ್ಕಿಂತ ನಿರ್ಣಾಯಕವಾದದ್ದು ಕ್ಯಾನ್ ಪರೀಕ್ಷೆ. ಐದು ಲೀಟರಿನ ಸ್ವಚ್ಛ ಕ್ಯಾನ್‌ನಲ್ಲಿ ಒಳ್ಳೆ ಡೀಸೆಲ್ ತುಂಬಿ, ಎಕ್ಸಾಸ್ಟ್ ಮತ್ತು ಫ್ಯಾನಿನಿಂದ ದೂರ ಭದ್ರವಾಗಿ ಕಟ್ಟಿ, ಪಂಪಿನ ಇನ್‌ಲೆಟ್‌ಗೆ ಹೊಸ ಸಣ್ಣ ಫಿಲ್ಟರ್ ಮೂಲಕ ಕೊಡಿ. ರಿಟರ್ನ್ ಹೋಸನ್ನೂ ಅದೇ ಕ್ಯಾನ್‌ಗೆ ಬಿಡಿ. ಮರೆತರೆ ಕ್ಯಾನ್ ನೋಡನೋಡುತ್ತಿದ್ದಂತೆ ಖಾಲಿ. ಹೀಗೆ ಅದೇ ಏರು ಹತ್ತಿಸಿ. ಶಕ್ತಿ ವಾಪಸ್ ಬಂದರೆ ಪಂಪ್, ನಾಝಲ್, ಟೈಮಿಂಗ್, ಕಂಪ್ರೆಷನ್, ಟರ್ಬೋ ಎಲ್ಲವೂ ಒಂದೇ ಏಟಿಗೆ ನಿರಪರಾಧಿಗಳು.

ಇಷ್ಟು ಸಣ್ಣ ತಡೆಗೆ ಇಷ್ಟು ದೊಡ್ಡ ಪೆಟ್ಟು ಯಾಕೆ? ವಿಇ ಪಂಪಿನ ಹೊಟ್ಟೆಯೊಳಗಿನ ಒತ್ತಡ ಆರ್‌ಪಿಎಂ ಜೊತೆ ಏರಬೇಕು, ಆ ಒತ್ತಡವೇ ಟೈಮಿಂಗ್ ಪಿಸ್ಟನ್ ತಳ್ಳಿ ಇಂಜೆಕ್ಷನ್ ಅನ್ನು ಮುಂದಕ್ಕೆ ತರುತ್ತದೆ. ಒಳಬರುವ ಡೀಸೆಲ್ ಕಡಿಮೆಯಾದರೆ ಪ್ರಮಾಣವೂ ಕಡಿಮೆ, ಟೈಮಿಂಗೂ ತಡ. ಇದೇ ಕಾರಣಕ್ಕೆ ಡೀಸೆಲ್ ಹಾಯುವ ಪಂಪಿನ ಎರಡು ಟೊಳ್ಳು ಬ್ಯಾಂಜೋ ಬೋಲ್ಟ್‌ಗಳು ಅದಲು ಬದಲಾಗುವುದು ಕೆಟ್ಟ ತಮಾಷೆ. 'ಔಟ್' ಎಂದು ತಲೆಯ ಮೇಲೆ ಬರೆದಿರುವ ರಿಟರ್ನ್ ಬೋಲ್ಟ್‌ನಲ್ಲಿ ಅರ್ಧ ಮಿಲಿಮೀಟರ್ ಆಸುಪಾಸಿನ ಸಣ್ಣ ರಂಧ್ರವಿದೆ. ಹೊಟ್ಟೆಯೊಳಗಿನ ಒತ್ತಡ ನಿಲ್ಲುವುದು ಅದರಿಂದ. ಎರಡೂ ಬೋಲ್ಟ್ ಹೊರನೋಟಕ್ಕೆ ಒಂದೇ. ಯಾರಾದರೂ ಹೋಸ್ ಬದಲಿಸಿದ ಮೇಲೆ ಗಾಡಿ ಸುಸ್ತಾಗಿದ್ದರೆ ಮೊದಲು ಇದನ್ನೇ ನೋಡಿ. ಇನ್‌ಲೆಟ್ ಬೋಲ್ಟ್‌ನ ಒಳಗೆ ಕೆಲವು ಪಂಪುಗಳಲ್ಲಿ ಬೆರಳ ತುದಿಯಷ್ಟು ಜಾಲರಿ ಇರುತ್ತದೆ, ಅದರ ಇರವೇ ಬಹಳ ಮಂದಿಗೆ ಗೊತ್ತಿರುವುದಿಲ್ಲ.

ಪೆನ್ಸಿಲ್ ದಪ್ಪದ ಆ ಹೋಸ್

ಟರ್ಬೋ ಇರುವ ವಿಇ ಪಂಪಿನ ತಲೆಯ ಮೇಲೆ ದುಂಡಗಿನ ಒಂದು ಡಬ್ಬಿ ಕೂತಿರುತ್ತದೆ. ಟರ್ಬೋ ಕಡೆಯಿಂದ ಅದಕ್ಕೊಂದು ಸಣ್ಣ ಹೋಸ್ ಬರುತ್ತದೆ. ಬೂಸ್ಟ್, ಅಂದರೆ ಟರ್ಬೋ ಒತ್ತಿ ತುಂಬುವ ಗಾಳಿಯ ಒತ್ತಡ, ಏರಿದಾಗ ಡಬ್ಬಿಯೊಳಗಿನ ಡಯಾಫ್ರಮ್ ಕೆಳಗೆ ಒತ್ತಿ, ಅದಕ್ಕೆ ಅಂಟಿದ ಓರೆಯಾದ ಪಿನ್ ಇಳಿದು, ಪಂಪ್ ಹೆಚ್ಚು ಡೀಸೆಲ್ ಕೊಡಲು ಜಾಗ ಮಾಡುತ್ತದೆ. ಹೋಸ್ ಬಾಗುವ ಜಾಗದಲ್ಲಿ ಕೂದಲೆಳೆ ಬಿರುಕು ಬಿಟ್ಟರೆ ಇಂಜಿನ್ನಿಗೆ ಹೋಗುವ ಗಾಳಿಯಲ್ಲಿ ಏನೂ ಕಡಿಮೆಯಾಗುವುದಿಲ್ಲ, ಆದರೆ ಪಂಪಿಗೆ ಬೂಸ್ಟ್ ಬಂದ ಸುದ್ದಿಯೇ ಮುಟ್ಟುವುದಿಲ್ಲ. ಡೀಸೆಲ್ ಕಡಿಮೆ, ಹಾಗಾಗಿ ಎಕ್ಸಾಸ್ಟ್‌ನಲ್ಲಿ ಬಿಸಿ ಕಡಿಮೆ, ಹಾಗಾಗಿ ಟರ್ಬೋ ತಿರುಗುವುದೂ ಕಡಿಮೆ. ಗೇಜ್ ನೋಡಿದವರು ಟರ್ಬೋ ಹೋಯಿತು ಎನ್ನುತ್ತಾರೆ. ಕಪ್ಪು ಹೊಗೆ ಇಲ್ಲ ಎಂಬುದು ಒಂದು ಸುಳಿವು, ಆದರೆ ಅದೊಂದನ್ನೇ ನಂಬದೆ ಹೋಸನ್ನು ಪರೀಕ್ಷಿಸಿ ನೋಡಬೇಕು.

ಪರೀಕ್ಷೆಗೆ ಗೇಜ್ ಇರುವ ಕೈಪಂಪ್ ಸಾಕು. ಹೋಸನ್ನು ಟರ್ಬೋ ತುದಿಯಲ್ಲಿ ಬಿಡಿಸಿ 0.5 ಬಾರ್ ಒತ್ತಡ ತುಂಬಿ, ಮುಳ್ಳು ಅಲ್ಲೇ ನಿಲ್ಲಬೇಕು. ಇಳಿದರೆ ಹೋಸ್ ಬಿಟ್ಟು ನೇರ ಡಬ್ಬಿಗೇ ಕೊಟ್ಟು ನೋಡಿ. ಈಗಲೂ ಇಳಿದರೆ ಡಯಾಫ್ರಮ್ ಹರಿದಿದೆ. ಡಬ್ಬಿಯ ಮುಚ್ಚಳ ಬಿಚ್ಚುವ ಮೊದಲು ಮುಚ್ಚಳ, ಡಯಾಫ್ರಮ್ ಎರಡಕ್ಕೂ ಪೇಂಟ್‌ನಿಂದ ಗುರುತು ಹಾಕಿ. ಆ ಪಿನ್ನಿನ ಓರೆ ಸುತ್ತಲೂ ಒಂದೇ ಸಮನಾಗಿಲ್ಲ, ತಿರುಗಿಸಿ ಕೂರಿಸಿದರೆ ಡೀಸೆಲ್ ಪ್ರಮಾಣವೇ ಬದಲಾಗುತ್ತದೆ.

ಕಪ್ಪು ಹೊಗೆಯ ಕಡೆ

ಏರ್ ಕ್ಲೀನರ್ ನೋಡದೆ ಯಾರೂ ಬಿಡುವುದಿಲ್ಲ, ಹಾಗಾಗಿ ಅದರ ಬಗ್ಗೆ ಹೆಚ್ಚು ಬೇಡ. ಹೊಳೆ ದಾಟಿದ ಮೇಲೆ ಒದ್ದೆಯಾಗಿ ಒಣಗಿದ ಕಾಗದದ ಫಿಲ್ಟರ್ ಮೇಲ್ನೋಟಕ್ಕೆ ಸ್ವಚ್ಛ ಕಂಡರೂ ಗಾಳಿ ಬಿಡುವುದಿಲ್ಲ ಎಂಬುದು ನೆನಪಿರಲಿ. ನೋಡದೆ ಬಿಡುವುದು ಫಿಲ್ಟರಿನಿಂದ ಟರ್ಬೋಗೆ ಹೋಗುವ ದಪ್ಪ ರಬ್ಬರ್ ಹೋಸ್. ಅದರ ಒಳಪದರ ಕಳಚಿಕೊಂಡರೆ ಐಡಲ್‌ನಲ್ಲಿ ಸುಮ್ಮನಿದ್ದು ಎಳೆತ ಹೆಚ್ಚಾದಾಗ ಮಾತ್ರ ಒಳಕ್ಕೆ ಮಡಚಿ ಗಂಟಲು ಮುಚ್ಚುತ್ತದೆ. ಕೈ ಹಾಕಿ ತಡವಿದರೆ ಮಾತ್ರ ಸಿಗುವ ದೋಷ ಇದು.

ಬೂಸ್ಟ್ ಲೀಕ್ ಹುಡುಕಲು ಟರ್ಬೋ ಬಾಯಿಗೆ ಬಿರಡೆ ಹಾಕಿ, ರೆಗ್ಯುಲೇಟರ್ ಮೂಲಕ 0.5 ಬಾರ್‌ನಿಂದ ಶುರುಮಾಡಿ ಗಾಳಿ ತುಂಬಿ, ಇಂಟರ್‌ಕೂಲರ್ ಹೋಸುಗಳ ಮೇಲೆ ಸೋಪಿನ ನೀರು ಸಿಂಪಡಿಸಿ. ಹೋಸಿನ ತಳಭಾಗ ಕೈಯಲ್ಲಿ ಮುಟ್ಟಿ ನೋಡಿ. ಆಯಿಲ್ ಜಿನುಗುವ ಜಾಗದಲ್ಲೇ ಬಿರುಕು. ವೇಸ್ಟ್‌ಗೇಟ್ (ಹೆಚ್ಚಾದ ಎಕ್ಸಾಸ್ಟ್ ಗಾಳಿಯನ್ನು ಟರ್ಬೋ ಬದಿಯಿಂದ ಬಿಡುವ ಬಾಗಿಲು) ತೆರೆದೇ ಸಿಕ್ಕಿಕೊಂಡಿದ್ದರೆ ಅದರ ಸರಳು ಕೈಪಂಪ್ ಒತ್ತಡಕ್ಕೆ ಅಲುಗಾಡುವುದಿಲ್ಲ. ಟರ್ಬೋ ಶಾಫ್ಟ್ ಪಕ್ಕಕ್ಕೆ ಸ್ವಲ್ಪ ಅಲುಗಿದರೆ ಗಾಬರಿ ಬೇಡ. ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಆಡಿದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಅದರ ಕಥೆ ಮುಗಿಯಿತು. ಇಜಿಆರ್ (ಎಕ್ಸಾಸ್ಟಿನ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಬಿಡುವ ವ್ಯವಸ್ಥೆ) ಇರುವ ಗಾಡಿಯಲ್ಲಿ ವಾಲ್ವ್ ತೆರೆದೇ ನಿಂತಿದ್ದರೂ ಇದೇ ಹೊಗೆ. ಮ್ಯಾನಿಫೋಲ್ಡ್ ಬಿಚ್ಚಿದರೆ ಮಸಿ ಮತ್ತು ಆಯಿಲ್ ಸೇರಿ ದಾರಿ ಅರ್ಧ ಮುಚ್ಚಿದ್ದನ್ನೂ ನೋಡಬಹುದು.

ಈ ಹಂತದಲ್ಲಿ ಅಪಾಯದ ಕೆಲಸವೊಂದಿದೆ. ಪಂಪಿನ ಫುಲ್ ಲೋಡ್ ಸ್ಕ್ರೂ (ಪೂರ್ತಿ ಒತ್ತಿದಾಗ ಎಷ್ಟು ಡೀಸೆಲ್ ಎಂದು ನಿಗದಿ ಮಾಡುವುದು) ಕಾಲು ಸುತ್ತು ಒಳಗೆ ತಿರುಗಿಸಿದರೆ ಯಾವ ಸುಸ್ತಾದರೂ ಸ್ವಲ್ಪ ಕಡಿಮೆಯಾದಂತೆ ಅನಿಸುತ್ತದೆ. ಗಾಳಿ ಕಡಿಮೆಯಿರುವ ಇಂಜಿನ್ನಿಗೆ ಇನ್ನಷ್ಟು ಡೀಸೆಲ್ ಸುರಿದರೆ ಎಕ್ಸಾಸ್ಟ್ ಬಿಸಿ ಏರುತ್ತದೆ. ಟರ್ಬೋಗಿಂತ ಮುಂಚೆ ಅಳೆದಾಗ ಸತತವಾಗಿ 700 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಪಿಸ್ಟನ್ ಮತ್ತು ಹೆಡ್ಡಿನ ಆಯುಸ್ಸು ತಿನ್ನುತ್ತಿದ್ದೀರಿ.

ಕಂಪ್ರೆಷನ್, ಟೈಮಿಂಗ್, ಆಮೇಲೆ ಪಂಪ್

ಐಡಲ್‌ನಲ್ಲಿ ನಡುಗುವ ಇಂಜಿನ್ನಿನಲ್ಲಿ ಒಂದೊಂದೇ ನಾಝಲ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಕನ್ನಡಕ, ಗ್ಲೋವ್ಸ್ ಇರಲಿ, ಚಿಮ್ಮುವ ಡೀಸೆಲ್‌ಗೆ ಕೈ ಒಡ್ಡಬೇಡಿ. ನೂರಾರು ಬಾರ್ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗಿಳಿಯುತ್ತದೆ, ಹಾಗಾದರೆ ಗಾಯ ಸಣ್ಣದು ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಆ ಸಿಲಿಂಡರಿಗೆ ಬೇರೆ ನಾಝಲ್ ಹಾಕಿ ನೋಡಿ. ರೋಗ ನಾಝಲ್ ಜೊತೆ ಹೋಗದಿದ್ದರೆ ಹೀಟರ್ ಪ್ಲಗ್ ತೂತಿನಿಂದ ಕಂಪ್ರೆಷನ್ ಅಳೆಯಿರಿ. ಪೆಟ್ರೋಲ್ ಇಂಜಿನ್ನಿನ ಗೇಜ್ ಇಲ್ಲಿ ಒಡೆದೇ ಹೋಗುತ್ತದೆ. ಒಳ್ಳೆಯ ಇಂಜಿನ್ 30 ಬಾರ್ ಆಸುಪಾಸು ತೋರಿಸುತ್ತದೆ. 20ರ ಹತ್ತಿರ ಇಳಿದಿದ್ದರೆ, ಅಥವಾ ಸಿಲಿಂಡರುಗಳ ನಡುವೆ 5 ಬಾರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಇಂಜಿನ್ ಬಿಚ್ಚುವ ಮಾತು. ಅದಕ್ಕೂ ಮೊದಲು ವಾಲ್ವ್ ಕ್ಲಿಯರೆನ್ಸ್ ನೋಡಿ. ಸೀಟ್ ಸವೆದಂತೆ ವಾಲ್ವ್ ಮೇಲಕ್ಕೆ ಏರಿ ಸಂದು ಮುಚ್ಚಿಹೋಗುತ್ತದೆ, ಬಿಸಿಯಾದಾಗ ವಾಲ್ವ್ ಪೂರ್ತಿ ಕೂರುವುದಿಲ್ಲ.

ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿದರೂ, ಚೈನ್ ಸವೆದು ಉದ್ದವಾದರೂ ಇಂಜೆಕ್ಷನ್ ತಡವಾಗುತ್ತದೆ. ಆಗ ಡೀಸೆಲ್ ಇಂಜಿನ್ನಿನ ಸಹಜ ಕಟಕಟ ಸದ್ದು ಮೆತ್ತಗಾಗಿ, ಕೇಳಲು ಹಿತವಾಗುತ್ತದೆ. ಮಾಲೀಕರು ಅದನ್ನು ಒಳ್ಳೆಯ ಲಕ್ಷಣವೆಂದು ತಿಳಿಯುವುದೂ ಉಂಟು. ಪಂಪ್ ಟೈಮಿಂಗನ್ನು ಡಯಲ್ ಗೇಜ್‌ನಲ್ಲಿ ಪ್ಲಂಜರ್ ಎತ್ತರ ಅಳೆದು, ಅಥವಾ ಆ ಇಂಜಿನ್ನಿಗೆ ಹೇಳಿದ ಪಿನ್ ಹಾಕಿ ಹೊಂದಿಸಬೇಕು. ಕಿವಿಯಲ್ಲಿ ಕೇಳಿ ಹೊಂದಿಸುವುದು ಕಾಡಿನ ನಡುವೆ ಸಿಕ್ಕಿಬಿದ್ದಾಗಿನ ಉಪಾಯ ಮಾತ್ರ.

ಇಷ್ಟೆಲ್ಲ ಸರಿಯಿದ್ದೂ ಎಳೆಯುತ್ತಿಲ್ಲ ಎಂದರೆ ಈಗ ಪಂಪಿನ ಸರದಿ. ಅದರದೂ ಒಂದು ಸ್ಪಷ್ಟ ಗುರುತಿದೆ: ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಬಿಸಿಯಾಗಿ ನಿಂತ ಮೇಲೆ ಎಷ್ಟು ಸೆಲ್ಫ್ ಹೊಡೆದರೂ ಆಗುವುದಿಲ್ಲ. ಪಂಪಿನ ಹೆಡ್ ಮೇಲೆ ಒದ್ದೆ ಬಟ್ಟೆ ಹೊದಿಸಿ ಹದಿನೈದು ನಿಮಿಷ ತಣಿಸಿದಾಗ ಸ್ಟಾರ್ಟ್ ಆದರೆ ಒಳಗಿನ ಪ್ಲಂಜರ್ ಸವೆದಿದೆ, ಬಿಸಿಗೆ ತೆಳುವಾದ ಡೀಸೆಲ್ ಅದರ ಪಕ್ಕದಿಂದ ಜಾರುತ್ತಿದೆ. ಕುದಿಯುವ ಪಂಪಿಗೆ ನೇರ ತಣ್ಣೀರು ಸುರಿಯಬೇಡಿ, ಒಳಗಿನ ಬಿಗಿ ಸಂದುಗಳು ಹಿಡಿದುಕೊಳ್ಳಬಹುದು. ಬಿಚ್ಚಿ ಕಳಿಸುವಾಗ ಹೊಗೆಯ ಬಣ್ಣ, ಯಾವ ಆರ್‌ಪಿಎಂನಲ್ಲಿ ಸುಸ್ತು, ಎಷ್ಟು ಬೂಸ್ಟ್, ಕ್ಯಾನ್ ಪರೀಕ್ಷೆಯ ಫಲಿತಾಂಶ ಇಷ್ಟನ್ನು ಚೀಟಿಯಲ್ಲಿ ಬರೆದು ಪಂಪಿಗೆ ಕಟ್ಟಿ ಕಳಿಸಿ, ಬೆಂಚಿನ ಮೇಲೆ ಕೂರಿಸುವವರು ಎಲ್ಲಿ ನೋಡಬೇಕೆಂದು ಅವರಿಗೂ ಗೊತ್ತಾಗುತ್ತದೆ. ಫುಲ್ ಲೋಡ್ ಸ್ಕ್ರೂ ಮೇಲೆ ಮೊದಲೇ ಯಾರೋ ಕೈಯಾಡಿಸಿದ್ದರೆ ಅದನ್ನೂ ಬರೆಯಿರಿ.